ಅತ್ತೆಯ ಕಾಯಿಲೆ, ಮಾವನ ಬಾಯಿ

ಏಳು ಚೀಟಿ. ಎಡಗಡೆ ಮೇಲ್ತುದಿಯಲ್ಲಿ ಒಂದರ ಪಕ್ಕ ಒಂದರಂತೆ ಹೊಡೆದ ಸ್ಟೇಪ್ಲರ್ ಪಿನ್ನುಗಳು, ಪಿನ್ನುಗಳ ಸುತ್ತ ಸಣ್ಣಗೆ ತುಕ್ಕಿನ ಕಲೆ. ಮೊದಲ ಚೀಟಿಯಲ್ಲಿ ನಾಲ್ಕು ಸಾಲು ಬರಹವಿದೆ. ಉಳಿದ ಆರರಲ್ಲಿ ಮೂರೇ ಅಕ್ಷರ. ಸಿ, ಎಸ್, ಟಿ.

ಇದು ಮಾತ್ರೆಯ ಹೆಸರೋ, ಪರೀಕ್ಷೆಯ ಹೆಸರೋ ಎಂದು ಸಾಕಷ್ಟು ತಲೆ ಕೆಡಿಸಿಕೊಂಡೆ. (ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಮೂರು ಅಕ್ಷರ ಒಟ್ಟಿಗೆ ಕಂಡರೆ ಫಾರ್ಮುಲಾ ಹುಡುಕುವ ಚಟ.) ಕೊನೆಗೆ ಮೆಡಿಕಲ್ ಸ್ಟೋರಿನವರು ಬಿಡಿಸಿ ಹೇಳಿದರು: ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ಅಂದರೆ ಹಿಂದಿನವರು ಏನು ಬರೆದಿದ್ದಾರೋ ಅದೇ ಮುಂದುವರಿಯಲಿ. ಹಿಂದಿನವರೂ ಅದನ್ನೇ ಬರೆದಿದ್ದರು. ಅವರ ಹಿಂದಿನವರೂ ಅದನ್ನೇ. ಹೀಗೆ ಹಿಂದೆ ಹಿಂದೆ ನಡೆದು ಮೊದಲ ಚೀಟಿಗೆ ಬಂದು ನಿಂತರೆ ಅಲ್ಲಿ ಸಿಗುವುದು ಒಂದು ಪದ. ಗ್ಯಾಸ್ಟ್ರೈಟಿಸ್.

ಈ ಚೀಟಿಗಳ ಒಡತಿ ನನ್ನ ಸೋದರತ್ತೆ. ಹನೂರಿನ ಹತ್ತಿರದ ಶಾಗ್ಯದಲ್ಲಿ ಹುಟ್ಟಿ, ಸತ್ತೇಗಾಲಕ್ಕೆ ಸೊಸೆಯಾಗಿ ಹೋದವಳು. ವಯಸ್ಸು ನಲವತ್ತಾರು. ಕಬ್ಬಿನ ಗದ್ದೆಯ ಬದುವಿನ ಮೇಲೆ ನನಗಿಂತ ವೇಗವಾಗಿ ನಡೆಯುತ್ತಿದ್ದವಳು. ಅಂಥವಳು ಕಳೆದ ತಿಂಗಳು ನಾನು ಅವರ ಮನೆಗೆ ಹೋದಾಗ, ಜಗಲಿಯ ಮೂರು ಮೆಟ್ಟಿಲು ಹತ್ತುವುದರೊಳಗೆ ಎರಡನೆಯದರ ಮೇಲೆ ಕೂತುಬಿಟ್ಟಳು.

"ಏನತ್ತೆ ಇದು?"

"ಗ್ಯಾಸು ಕಣ ಕೂಸೇ."

ಉತ್ತರ ಕೊಟ್ಟದ್ದು ಅತ್ತೆಯಲ್ಲ. ಒಳಗೆ ಪೇಪರ್ ಓದುತ್ತಿದ್ದ ಮಾವ.

ಮಾವನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಅವರು ಕೆಟ್ಟ ಮನುಷ್ಯ ಅಲ್ಲ. ಆಸ್ಪತ್ರೆಗೆ ಹೋಗುವ ದಿನ ಗದ್ದೆ ಕೆಲಸ ಬಿಡುತ್ತಾರೆ. ಬೈಕು ಕುಲುಕುತ್ತದೆಂದು ಹೆಂಡತಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ನೀರಿನ ಬಾಟಲಿ ಹಿಡಿಯುತ್ತಾರೆ, ಚೀಟಿ ಮಾಡಿಸುತ್ತಾರೆ, ಕ್ಯೂನಲ್ಲಿ ತಾವೇ ನಿಲ್ಲುತ್ತಾರೆ. ಡಾಕ್ಟರ ಮುಂದೆ ಮಾತನ್ನೂ ತಾವೇ ಆಡುತ್ತಾರೆ.

ತಕರಾರು ಇರುವುದು ಆ ಕೊನೆಯ ವಾಕ್ಯದ ಬಗ್ಗೆ.

ನಮ್ಮ ಕಡೆ ಹೆಂಗಸು ಆಸ್ಪತ್ರೆಗೆ ಒಬ್ಬಳೇ ಹೋಗುವುದು ಕಡಿಮೆ. ಕರೆದುಕೊಂಡು ಹೋದವರು ಮಾತಾಡುವುದು ಪದ್ಧತಿ. ಅದು ಮರ್ಯಾದೆ ಎಂದೇ ಎಲ್ಲರ ಲೆಕ್ಕ. ಕಾಯಿಲೆಯವಳ ಕೆಲಸ ಸ್ಟೂಲಿನ ಮೇಲೆ ಕೂರುವುದು, ನಾಲಿಗೆ ತೋರಿಸು ಎಂದರೆ ತೋರಿಸುವುದು. ಅದಕ್ಕೂ ಮುಂಚೆ ತಲೆಗೆ ಸ್ನಾನ ಮಾಡಿ, ಕೆನ್ನೆಗೆ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದು ಉಡುವುದು. ಡಾಕ್ಟರ ಮುಂದೆ ರೋಗಿಯ ಥರ ಹೋಗಲಾದೀತೆ? ನಾಲ್ಕು ಜನ ನೋಡುವ ಜಾಗ!

ಏಳು ತಿಂಗಳು ಹೀಗೆಯೇ ನಡೆಯಿತು. ಮಾವ ಎದೆಯ ಮೇಲೆ ಅಂಗೈ ಇಟ್ಟು ತೋರಿಸುತ್ತಿದ್ದರಂತೆ. "ಇಲ್ಲಿ ಸಾ, ಉಂಡ್ಮೇಲೆ ಡವಡವ ಅಂತದ. ಗ್ಯಾಸು ಮೇಲಕ್ಕೇರ್ತದ. ತೇಗು ಬಂದ್ರ ಸರೋಯ್ತದ." ಡಾಕ್ಟರು ಕೇಳುವ ಪ್ರಶ್ನೆಗೆಲ್ಲ ಅವರದೇ ಉತ್ತರ. ಹಸಿವು ಹೇಗೆ? ಮಾವ. ನಿದ್ದೆ ಹೇಗೆ? ಮಾವ. ಒಮ್ಮೆ ಮಾವನನ್ನೇ ಬಗ್ಗಿಸಿ ಬೆನ್ನಿಗೆ ಸ್ಟೆತಾಸ್ಕೋಪ್ ಇಡಲು ಹೋದರಂತೆ. (ಇದು ಅತ್ತೆ ಹೇಳಿದ್ದು. ಅತ್ತೆಗೆ ಒಂದಕ್ಕೆ ಎರಡು ಸೇರಿಸುವ ಅಭ್ಯಾಸ ಇದೆ. ಆದರೂ ನಂಬುವ ಆಸೆ ನನಗೆ.)

"ನೀನೇನು ಮಾಡ್ತಿದ್ದೆ ಅತ್ತೆ?"

"ಕುಂತಿರ್ತಿದ್ದಿ ಕಣ. ಕುಂತು ಕುಂತು ಎದ್ಬತ್ತಿದ್ದಿ."

ಅಂದರೆ ಲೆಕ್ಕ ಇಷ್ಟು. ಏಳು ಸಲವೂ ಔಷಧ ಬರೆದದ್ದು ಅತ್ತೆಯ ಕಾಯಿಲೆಗಲ್ಲ, ಮಾವನ ವರ್ಣನೆಗೆ. ವರ್ಣನೆ ಸೊಗಸಾಗಿತ್ತು. ಔಷಧವೂ ವರ್ಣನೆಗೆ ಸರಿಯಾಗಿಯೇ ಇತ್ತು. ಅತ್ತೆ ಮಾತ್ರ ತಿಂಗಳಿಂದ ತಿಂಗಳಿಗೆ ಒಂದೊಂದು ಮೆಟ್ಟಿಲು ಕಡಿಮೆ ಹತ್ತುತ್ತಿದ್ದಳು.

ಎಂಟನೆಯ ಸಲ ನಾನೂ ಜೊತೆಗೆ ಹೋದೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರರ ನಡುವೆ ಎಲ್ಲೋ ಒಂದು ಸರ್ಕಾರಿ ಆಸ್ಪತ್ರೆ, ಅಷ್ಟು ಸಾಕು. ಹೆಸರು ಬರೆದರೆ ಅಲ್ಲಿನ ಒಬ್ಬ ಸಿಸ್ಟರ್‌ಗೆ ವರ್ಗಾವಣೆ ಆದೀತು ಎಂಬ ಭಯ. ಅವರು ಅಲ್ಲೇ ಇರಲಿ.

ಕಾರಿಡಾರಿನಲ್ಲಿ ಕಾಲಿಡಲು ಜಾಗವಿಲ್ಲ. ಎರಡು ಗಂಟೆ ಕಾದೆವು. ಅಷ್ಟು ಹೊತ್ತು ನಾನು ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಂಡೆ. ಏಳು ಸಲ ಬಂದರೂ ಒಂದು ರಕ್ತ ಪರೀಕ್ಷೆ ಯಾಕಿಲ್ಲ? ಒಂದು ಸಲ ನಾಡಿ ಹಿಡಿಯಲು ಎಷ್ಟು ಹೊತ್ತು ಬೇಕು? ಸೇಮ್ ಟ್ರೀಟ್‌ಮೆಂಟ್ ಎಂದು ಬರೆಯುವ ಮೊದಲು ಸೇಮ್ ಕಾಯಿಲೆಯೇ ಎಂದು ನೋಡಬೇಡವೆ? ಒಳ್ಳೆಯ ಭಾಷಣ. ವಾಕ್ಯಗಳೆಲ್ಲ ನೆಟ್ಟಗಿದ್ದವು.

ಒಳಗೆ ಹೋದೆವು. ಡಾಕ್ಟರು ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಕಣ್ಣು ಕೆಂಪಾಗಿತ್ತು. ಟೇಬಲಿನ ಮೂಲೆಯಲ್ಲಿ ಕೆನೆಗಟ್ಟಿದ ಟೀ. "ಏನಮ್ಮ ತೊಂದರೆ?" ಅಂದರು.

"ಗ್ಯಾಸು ಸಾ," ಅಂದರು ಮಾವ.

ನನ್ನ ಭಾಷಣ? ಗಂಟಲವರೆಗೆ ಬಂದು ಅಲ್ಲೇ ಕೂತಿತು. ಗುರುತಿಲ್ಲದವರ ಮುಂದೆ ನನ್ನ ಬಾಯಿ ತೆರೆಯುವುದು ಕಷ್ಟ, ಈ ಅಂಕಣ ಓದುವ ನಿಮಗೆ ಅದು ಹೊಸ ಸುದ್ದಿಯಲ್ಲ. ಡಾಕ್ಟರ ಪೆನ್ನು ಆಗಲೇ ಕಾಗದದ ಮೇಲಿತ್ತು. ಸಿ ಬರೆದರು. ಎಸ್ ಬರೆದರು.

ಅಷ್ಟರಲ್ಲಿ ಸಿಸ್ಟರ್ ಒಳಗೆ ಬಂದರು.

ಅವರು ಹೆರಿಗೆ ವಾರ್ಡಿನವರು. ಅವತ್ತು ಇಲ್ಲಿನವರು ಯಾರೋ ರಜೆ ಹಾಕಿದ್ದರಿಂದ ಬಂದಿದ್ದರು. ಐವತ್ತು ದಾಟಿದ, ದಪ್ಪ ಕನ್ನಡಕದ, ತಮಿಳುನಾಡಿನ ಗಡಿಯ ಪಾಲಾರ್ ಕಡೆಯ ಹೆಂಗಸು. ಕನ್ನಡ ಮಾತಾಡಿದರೂ ರಾಗ ತಮಿಳಿನದು. ಅತ್ತೆಯ ಕೈಯಿಂದ ಚೀಟಿ ತೆಗೆದುಕೊಂಡವರು ಕೈಯನ್ನು ಬಿಡಲಿಲ್ಲ. ಅಂಗೈ ತಿರುಗಿಸಿ ನೋಡಿದರು. ಉಗುರು ಒತ್ತಿ ನೋಡಿದರು. ಆಮೇಲೆ ಮಾವನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು.

"ಯಜಮಾನ್ರೇ, ನಿಮ್ಮ ಆಧಾರ್ ಜೆರಾಕ್ಸ್ ತಂದಿದ್ದೀರಾ?"

"ಇಲ್ವಲ್ಲ ಸಿಸ್ಟ್ರೇ. ಯಾರೂ ಕೇಳ್ನಿಲ್ಲ."

"ಈಗ ಬೇಕು. ಎರಡು ಕಾಪಿ. ಗೇಟ್ ಹತ್ರ ಅಂಗಡೀಲಿ ಮೆಷಿನ್ ಕೆಟ್ಟಿದೆ. ಬಸ್ ಸ್ಟ್ಯಾಂಡ್‌ಗೇ ಹೋಗ್ಬೇಕು."

ಮಾವ ಕೂಡಲೇ ಹೊರಟರು. ನಮ್ಮ ಗಂಡಸರು ಡಾಕ್ಟರ ಜೊತೆ ವಾದ ಮಾಡಿಯಾರು, ತಹಶೀಲ್ದಾರರ ಜೊತೆಯೂ ಮಾಡಿಯಾರು. ಜೆರಾಕ್ಸ್ ಬೇಕು ಎಂದರೆ ಮಾತ್ರ ಎದುರು ಮಾತಿಲ್ಲ. ಅದು ಇವತ್ತಿನ ಕಾಲದ ಮಂತ್ರ.

ಬಾಗಿಲು ಮುಚ್ಚಿತು. ಸಿಸ್ಟರ್ ಪರದೆ ಎಳೆದರು. ಡಾಕ್ಟರು ಪರದೆಯ ಆ ಕಡೆ, ನಾವು ಮೂವರು ಹೆಂಗಸರು ಈ ಕಡೆ. ಹತ್ತಿ ಒದ್ದೆ ಮಾಡಿ ಅತ್ತೆಯ ಕೆನ್ನೆಯ ಅರಿಸಿನ ಒರೆಸಿದರು. ಕೆಳಗಿನಿಂದ ಬಂದದ್ದು ಸುಣ್ಣದ ಗೋಡೆಯ ಬಣ್ಣ. ಕಣ್ಣಿನ ಕೆಳರೆಪ್ಪೆ ಎಳೆದು ನನಗೂ ತೋರಿಸಿದರು. ಕೆಂಪಗಿರಬೇಕಾದ ಜಾಗ ಬೆಳ್ಳಗೆ ಕಾಗದದ ಹಾಗಿತ್ತು. ಎರಡು ಸೆಕೆಂಡಿನ ಕೆಲಸ. ಏಳು ತಿಂಗಳಲ್ಲಿ ಆ ಎರಡು ಸೆಕೆಂಡು ಯಾರಿಗೂ ಸಿಕ್ಕಿರಲಿಲ್ಲ.

"ಮುಟ್ಟು ಹೇಗಾಗುತ್ತಮ್ಮ?"

ಅತ್ತೆ ಬಾಗಿಲ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ತಿಂಗ್ಳಿಗ ಹನ್ನೊಂದು ದಿನ ಕಣವ್ವ. ಮನೇಲಿದ್ದ ಹಳೇ ಸೀರ ಎಲ್ಲ ಮುಗ್ದೋಯ್ತು."

"ಎಷ್ಟು ಕಾಲದಿಂದ?"

"ಒಂದೊರ್ಸ ಆಗದ."

"ಡಾಕ್ಟರ್‌ಗೆ ಹೇಳ್ಬಾರದಾ?"

"ಎಂಗೇಳ್ಲಿ? ಇವ್ರು ಪಕ್ಕದಲ್ಲೇ ನಿಂತಿರ್ತರ. ಡಾಕುಟ್ರೂ ಗಂಡ್ಸು. ಈ ವಯಸ್ಗ ಎಲ್ಲಾರ್ಗೂ ಇಂಗೇ ಅಂತ ಸುಮ್ನಾದಿ."

ಒಂದು ವರ್ಷ ಆ ರಕ್ತದ ಸುದ್ದಿ ಆ ಮನೆಯಲ್ಲಿ ಇನ್ನೊಬ್ಬರ ಕಿವಿಗೆ ಬಿದ್ದಿರಲಿಲ್ಲ. ಸಿಸ್ಟರ್ ಮಾತ್ರ ಸಂತೆಯಲ್ಲಿ ಸೊಪ್ಪಿನ ಬಗ್ಗೆ ವಿಚಾರಿಸುವವರ ಹಾಗೆ ಮುಂದಿನ ಪ್ರಶ್ನೆಗೆ ಹೋದರು.

"ಹಸಿ ಅಕ್ಕಿ ತಿಂತೀರಾ?"

ಅತ್ತೆ ಸರ್ರನೆ ನನ್ನ ಕಡೆ ತಿರುಗಿದಳು. "ನೀ ಯೇಳ್ದಾ?"

"ಅಯ್ಯೋ ಅತ್ತೆ, ನನಗೇ ಗೊತ್ತಿಲ್ಲ!"

"ಒಂದೀಟು ಕಣವ್ವ. ಮೊರದಲ್ಲಿ ಅಕ್ಕಿ ಕೇರೋವಾಗ ಬಾಯ್ಗ ಆಕತಿನಿ."

"ಒಂದೀಟು ಅಂದ್ರೆ?"

ಅತ್ತೆ ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದಳು. "ದಿನಕ್ಕ ಒಂದು ಪಾವು."

ಪರದೆಯ ಆಚೆಯಿಂದ ಡಾಕ್ಟರು ನಕ್ಕ ಸದ್ದು. ಸಿಸ್ಟರ್ ಕೂಡ ನಕ್ಕರು. ರಕ್ತ ತೀರಾ ಕಡಿಮೆ ಆದವರಿಗೆ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ ಬರುತ್ತದಂತೆ. ಮೂವತ್ತು ವರ್ಷ ಬಸುರಿಯರನ್ನು ನೋಡಿದ ಅವರಿಗೆ ಅದು ಅಂಗೈ ನೋಡಿದಾಗಲೇ ಗೊತ್ತಾಗಿತ್ತು. ಡಾಕ್ಟರು ತಾವು ಬರೆದ ಸಿ ಮತ್ತು ಎಸ್ ಮೇಲೆ ಗೀಟು ಎಳೆದರು. ಕೆಳಗೆ ರಕ್ತ ಪರೀಕ್ಷೆ ಎಂದು ಬರೆದರು. "ಸಾರಿ ಅಮ್ಮ," ಅಂದರು. ತಲೆ ಎತ್ತಿ, ಅತ್ತೆಯನ್ನೇ ನೋಡಿ ಅಂದರು. ನನ್ನ ಭಾಷಣದ ಅರ್ಧ ಗಾಳಿ ಅಲ್ಲೇ ಹೋಯಿತು. (ಇನ್ನರ್ಧ ಇಲ್ಲಿ ಬರೆಯುತ್ತಿದ್ದೇನೆ.)

ಮಾವ ವಾಪಸ್ ಬಂದದ್ದು ಬೆವರು ಸುರಿಸಿಕೊಂಡು, ವಿಜಯದ ನಗೆಯೊಂದಿಗೆ. ಎರಡು ಕೇಳಿದ್ದಕ್ಕೆ ನಾಲ್ಕು ಕಾಪಿ, ಮುಂದೆ ಹಿಂದೆ ಎರಡೂ. ಜೊತೆಗೆ ರೇಷನ್ ಕಾರ್ಡಿನದು, "ಕೇಳುದ್ರ ಇರ್ಲಿ ಅಂತ." ಸಿಸ್ಟರ್ ಗಂಭೀರವಾಗಿ ತೆಗೆದುಕೊಂಡು ತಮ್ಮ ಫೈಲಿನೊಳಗೆ ಇಟ್ಟರು. ಆ ಫೈಲಿನಲ್ಲಿ ನಾನು ಕಣ್ಣಾರೆ ಕಂಡೆ, ಆಗಲೇ ಒಂದು ದಪ್ಪ ಕಟ್ಟು. ಎಲ್ಲಾ ಗಂಡಸರ ಮುಖಗಳು. ಎಷ್ಟು ಯಜಮಾನರು ಬಸ್ ಸ್ಟ್ಯಾಂಡಿಗೆ ನಡೆದಿದ್ದಾರೋ! (ಸಂಜೆ ಎಲ್ಲ ಹರಿದು ಹಾಕುತ್ತೇನೆ ಎಂದು ಆಮೇಲೆ ನನಗೆ ಗುಟ್ಟಾಗಿ ಹೇಳಿದರು.)

ಲ್ಯಾಬಿನ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ಐದು ಪಾಯಿಂಟ್ ಎರಡು.

"ಇಷ್ಟರಲ್ಲಿ ನಡ್ಕೊಂಡು ಬಂದ್ರಾ?" ಅಂದರು ಡಾಕ್ಟರು.

"ಐದಾ? ಎಷ್ಟಕ್ಕ ಐದು ಸಾ?" ಮಾವ.

"ಹನ್ನೆರಡಾದ್ರೂ ಇರ್ಬೇಕು."

ಮಾವ ಲೆಕ್ಕ ಹಾಕಿದರು. "ಹನ್ನೆರಡಕ್ಕ ಐದು ಅಂದ್ರ ಪಾಸೇ ಅಲ್ವಾ ಸಾ?"

ಲೆಕ್ಕದ ಪ್ರಕಾರ ಪಾಸೇ. ನಾನು ಅಲ್ಲಿ ನಗಬಾರದಿತ್ತು. ಆದರೂ ನಗು ಬಂತು. ಹೆದರಿದಾಗ ನನಗೆ ನಗು ಬರುತ್ತದೆ, ಮರ್ಯಾದಸ್ಥ ಕಾಯಿಲೆಯಲ್ಲ.

ಸಿಸ್ಟರ್ ಮಾವನನ್ನು ಹೊರಗೆ ಕರೆದುಕೊಂಡು ಹೋಗಿ ಎಲ್ಲ ಬಿಡಿಸಿ ಹೇಳಿದರು. ಮಾವ ರ್‍ಯಾಂಪಿನ ಕಂಬಿ ಹಿಡಿದು ನಿಂತಿದ್ದವರು ಹಾಗೇ ಕೂತರು.

"ನಂಗ್ಯಾಕ ಯೇಳ್ನಿಲ್ಲ ನೀನು?" ಅಂದರು ಅತ್ತೆಗೆ.

"ನೀವು ಮಾತಾಡ್ತಿದ್ರಲ್ಲ," ಅಂದಳು ಅತ್ತೆ.

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದ ಸಂಗತಿ ಹೇಳಿದಳು.

ಅಲ್ಲಿಂದ ಚಾಮರಾಜನಗರದ ದೊಡ್ಡಾಸ್ಪತ್ರೆ. ಮೂರು ಬಾಟಲಿ ರಕ್ತ. ಒಂದನೆಯದು ಇಳಿಯುವಾಗ ಅತ್ತೆ ಮಲಗಿದ್ದಳು. ಎರಡನೆಯದಕ್ಕೆ ಎದ್ದು ಕೂತಳು. ಮೂರನೆಯದು ಅರ್ಧವಾಗುವ ಹೊತ್ತಿಗೆ ಪಕ್ಕದ ಮಂಚದವಳ ಸೊಸೆಯ ತವರುಮನೆಯ ಸಮಾಚಾರವೆಲ್ಲ ತಿಳಿದುಕೊಂಡಿದ್ದಳು. ಮಾವ ಆ ಬಾಟಲಿಗಳಿಗೆ ಬದಲಾಗಿ ತಮ್ಮ ರಕ್ತ ಕೊಟ್ಟು, ಬ್ಲಡ್ ಬ್ಯಾಂಕಿನವರು ಕೊಟ್ಟ ಬಿಸ್ಕತ್ತು ತಿನ್ನದೆ ಜೇಬಿನಲ್ಲಿ ತಂದು ಹೆಂಡತಿಗೆ ಕೊಟ್ಟರು. ನಾನು ಅದನ್ನು ನೋಡದವಳ ಹಾಗೆ ಕಿಟಕಿ ಕಡೆ ತಿರುಗಿದೆ.

ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ.

ಗೆಡ್ಡೆ ಎಂದರೆ ನಮ್ಮ ಮನೆಗಳಲ್ಲಿ ಒಂದೇ ಅರ್ಥ. ಆ ಅರ್ಥವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳಗಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನ ಕಾಯಿರಿ ಅಂದರು. ಆ ಹನ್ನೆರಡು ದಿನ ನಾನು ಯಳಂದೂರಿನ ಕಾಲೇಜಿನಲ್ಲಿ ಮಕ್ಕಳಿಗೆ ಪ್ರಾಬಬಿಲಿಟಿ ಪಾಠ ಮಾಡಿದೆ. ಕಪ್ಪು ಚೆಂಡು ಬಿಳಿ ಚೆಂಡುಗಳ ಲೆಕ್ಕ ಅಷ್ಟು ಅಸಹ್ಯ ಎಂದು ಮೊದಲು ಗೊತ್ತಿರಲಿಲ್ಲ. ಏಳು ತಿಂಗಳು ಮುಂಚೆ ಗೊತ್ತಾಗಿದ್ದರೆ ಎಂಬ ಒಂದೇ ವಾಕ್ಯ ಬಸ್ಸಿನಲ್ಲಿ ಹೋಗುವಾಗ, ಬರುವಾಗ.

ಮೊನ್ನೆ ಗುರುವಾರ ರಿಪೋರ್ಟ್ ಬಂತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎರಡು ಸಲ ಓದಿದರು. ಆಮೇಲೆ ಮಾವನನ್ನು ಬಿಟ್ಟು ಅತ್ತೆಯನ್ನು ನೋಡಿ ಹೇಳಿದರು. "ಕೆಟ್ಟದ್ದೇನೂ ಇಲ್ಲ. ರಕ್ತ ಇನ್ನೊಂದಿಷ್ಟು ಆಗಲಿ, ಆಪರೇಷನ್ ಮಾಡಿ ತೆಗೀತೀವಿ. ಹಸಿ ಅಕ್ಕಿ ಬಿಡಿ."

"ಅದ ಬುಟ್ಟಾಯ್ತು," ಅಂದಳು ಅತ್ತೆ. "ಈಗ ಅನ್ನ ರುಚಿಯಾಯ್ತದ."

ನಾವು ಹೊರಗೆ ಬಂದು ಎಷ್ಟು ನಕ್ಕೆವು ಎಂದರೆ ವಾಚ್‌ಮನ್ ಬಂದು "ಇದು ಆಸ್ಪತ್ರೆ ಕಣ್ರಿ" ಎಂದು ಗದರಿದರು. ಅದಕ್ಕೂ ನಕ್ಕೆವು. ಬಸ್ಸಿನ ಮೆಟ್ಟಿಲನ್ನು ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ, ಓಡಿ ಹೋಗಿ ಕಿಟಕಿ ಸೀಟು ಹಿಡಿದಳು. ಆಮೇಲೆ ಶುರುವಾಯಿತು. ಏಳು ತಿಂಗಳು ಸ್ಟೂಲಿನ ಮೇಲೆ ಕೂತು ಆಡದೆ ಉಳಿದ ಮಾತುಗಳೆಲ್ಲ ಸಂತೆಮರಹಳ್ಳಿಯಿಂದ ಯಳಂದೂರಿನವರೆಗೆ, ಯಳಂದೂರಿನಿಂದ ಕೊಳ್ಳೇಗಾಲದವರೆಗೆ ಹರಿದವು. ಗೆಡ್ಡೆ, ನಿಂಬೆಹಣ್ಣು, ಹನ್ನೊಂದು ದಿನ, ಎಲ್ಲ. ಹಿಂದಿನ ಸೀಟಿನವಳು ಮುಂದಕ್ಕೆ ಬಾಗಿದಳು. ಮುಂದಿನ ಸೀಟಿನವಳು ಹಿಂದಕ್ಕೆ ತಿರುಗಿದಳು. ನನ್ನ ವಿಷಯವನ್ನು ನನ್ನ ಡೈರಿಗೂ ಪೂರ್ತಿ ಹೇಳದ ನಾನು ಸೀಟಿನೊಳಗೆ ಹುದುಗಿ ಹೋದೆ. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಮಾವನನ್ನು ಕೇಳಿದ. "ಏನ್ ಯಜಮಾನ್ರೇ, ನೀವು ಸುಮ್ಕಿದ್ದರಿ?"

"ಅವ್ಳು ಯೇಳ್ತಾವ್ಳಲ್ಲ," ಅಂದರು ಮಾವ. ಮುಖದಲ್ಲಿ ಹೆಮ್ಮೆಯಿತ್ತು ಎಂದರೆ ನಂಬುತ್ತೀರಾ?

ಸಂಜೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಇದೇ ಕಥೆ ಮತ್ತೆ ಮೊದಲಿನಿಂದ. ಮಾವ ತಾವೇ ಎದ್ದು ನಿಂತು, ಎದೆ ಮೇಲೆ ಕೈಯಿಟ್ಟು, "ಗ್ಯಾಸು ಸಾ" ಎಂದು ನಟಿಸಿ ತೋರಿಸಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಾನು ಉತ್ಸಾಹದಲ್ಲಿ ಸ್ವಲ್ಪ ಭಾಷಣವನ್ನೂ ಮಾಡಿದೆ. ಕಾಯಿಲೆಯವರ ಬಾಯಿ ಕಿತ್ತುಕೊಂಡು ಮಾತಾಡುವ ಈ ಗಂಡಸರು, ಇವರ ಅಹಂಕಾರ, ಇವರ ಅಜ್ಞಾನ, ಇತ್ಯಾದಿ. ಮನೆಯವರ ಮುಂದೆ ನನ್ನ ಬಾಯಿ ಚೆನ್ನಾಗಿಯೇ ಓಡುತ್ತದೆ.

ಅಮ್ಮ ನಗುತ್ತಲೇ ಇದ್ದಳು. ನಗುನಗುತ್ತಲೇ ಅಂದಳು.

"ನನ್ನ ಮಂಡಿನೋವು ಅಂತ ಡಾಕ್ಟರಿಗೆ ಹೇಳ್ತೀಯಲ್ಲ ನೀನು, ಅದು ಮಂಡಿ ಅಲ್ಲ ಕಣೆ."

ನಾನು ಕಾಫಿ ಲೋಟ ಕೆಳಗಿಟ್ಟೆ. "ಮತ್ತೆ?"

"ಅಂಗಾಲು. ಉರೀತದೆ. ಕೆಂಡ ತುಳಿದ ಹಾಗೆ."

"ಎರಡು ವರ್ಷದಿಂದ ಮಂಡಿಗೆ ಮುಲಾಮು ಹಚ್ಕೊತಿದೀಯಲ್ಲಮ್ಮ!"

"ನೀನೇ ಮಂಡಿ ಅಂದ್ಯಲ್ಲ. ಇಂಗ್ಲಿಷಲ್ಲಿ ಬೇರೆ ಹೇಳ್ದೆ. ಓದಿರೋಳು, ಸರಿಯಾಗೇ ಹೇಳಿರ್ತೀಯ ಅಂತ ಸುಮ್ನಾದೆ. ಮಂಡಿ ಚೆನ್ನಾಗಿದೆ, ನುಣ್ಣಗಾಗಿದೆ."

ಮಾವ ನಕ್ಕ ರಭಸಕ್ಕೆ ಬಾಯಲ್ಲಿದ್ದ ಅವಲಕ್ಕಿ ನೆಲಕ್ಕೆ ಬಿತ್ತು. ಅತ್ತೆ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಳು. "ನೀನೂ ನಮ್ಮ ಮನೇರ ಜಾತೀಯೇ ಕಣ ಕೂಸೇ!" ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ. ಅಂಗಾಲು ಉರಿ ಎಂದರೆ ಸಕ್ಕರೆ ಕಾಯಿಲೆಯೂ ಇರಬಹುದು ಎಂಬ ಯೋಚನೆ ನಗುವಿನ ಹಿಂದೆಯೇ ಬಂತು. ಎರಡು ವರ್ಷ ಅಮ್ಮನ ಪಕ್ಕ ಕೂತು, ಅಚ್ಚುಕಟ್ಟಾದ ವಾಕ್ಯಗಳಲ್ಲಿ, ಇಲ್ಲದ ಮಂಡಿನೋವನ್ನು ವರ್ಣಿಸಿದವಳು ನಾನು. ಮಾವನಾದರೂ ಕನ್ನಡದಲ್ಲಿ ತಪ್ಪು ಹೇಳಿದ್ದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು "ಏನು ತೊಂದರೆ?" ಎಂದು ಕೇಳಿದರು. ಅಭ್ಯಾಸಬಲದಿಂದ ಅಮ್ಮ ನನ್ನ ಮುಖ ನೋಡಿದಳು, ಅಭ್ಯಾಸಬಲದಿಂದ ನನ್ನ ಬಾಯಿಯೂ ಅರ್ಧ ತೆರೆಯಿತು. ನಾನು ಬ್ಯಾಗ್ ಎತ್ತಿಕೊಂಡು ಎದ್ದು ಹೊರಗೆ ಬಂದು, ಬಾಗಿಲು ಎಳೆದುಕೊಂಡೆ.